ಒಪ್ಪಿದ್ದೆಷ್ಟು, ಬಿಲ್ಲಲ್ಲಿ ಬಂದದ್ದೆಷ್ಟು?

ಹೋಟೆಲ್‌ನಲ್ಲಿ ಎರಡು ಇಡ್ಲಿ ತಿಂದು ಬಿಲ್‌ನಲ್ಲಿ ನಾಲ್ಕು ಬಂದಿದ್ದರೆ ತಕ್ಷಣ ಕೈ ಎತ್ತಿ ಕರೆಯುತ್ತೇವೆ. ಆನ್‌ಲೈನ್‌ನಲ್ಲಿ ತರಿಸಿದ ಕುರ್ತಾದ ಬಣ್ಣ ಫೋಟೊದಲ್ಲಿದ್ದ ಹಾಗೆ ಇಲ್ಲ ಅಂದರೆ ಎರಡು ನಿಮಿಷದಲ್ಲಿ ರಿಟರ್ನ್ ಹಾಕುತ್ತೇವೆ. ಆದರೆ ಪ್ಲಂಬರ್ರೋ, ಪೇಂಟರ್ರೋ, ಗಾರೆ ಮೇಸ್ತ್ರಿಯೋ ಕೆಲಸ ಮುಗಿಸಿ, ಕೈಕಾಲು ತೊಳೆದುಕೊಂಡು, ಒಂದು ಚೀಟಿ ಕೈಗಿಟ್ಟಾಗ ಮಾತ್ರ ನಮ್ಮ ಬಾಯಿ ಕಟ್ಟಿಹೋಗುತ್ತದೆ. ಮೊತ್ತ ನೋಡಿ ಎದೆ ಧಸಕ್ಕೆಂದರೂ, "ಸ್ವಲ್ಪ ಕಡಿಮೆ ಮಾಡ್ಕೊಳ್ಳಿ" ಅನ್ನುವುದರಾಚೆ ಮಾತು ಹೊರಡುವುದಿಲ್ಲ. ಅವರು ಐನೂರು ಬಿಡುತ್ತಾರೆ, ನಾವು ಫೋನ್ ತೆಗೆದು ಸ್ಕ್ಯಾನ್ ಮಾಡುತ್ತೇವೆ.

ಇದಕ್ಕೆ ಕಾರಣ ಇಲ್ಲದೇ ಇಲ್ಲ. ಕುರ್ತಾ ವಾಪಸ್ ಕಳಿಸಬಹುದು, ಗೋಡೆಗೆ ಬಳಿದ ಬಣ್ಣ ವಾಪಸ್ ಕಳಿಸೋಕಾಗಲ್ಲ. ಅವರು ನಮ್ಮ ಮನೆಯೊಳಗೆ ನಾಲ್ಕು ದಿನ ಓಡಾಡಿದ್ದಾರೆ, ನಮ್ಮಮ್ಮ ಮಾಡಿದ ಕಾಫಿ ಕುಡಿದಿದ್ದಾರೆ. ನಾಳೆ ನಲ್ಲಿ ಕೆಟ್ಟರೆ ಮತ್ತೆ ಅವರನ್ನೇ ಕರೆಯಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಆ ಕೆಲಸ ನಮಗೆ ಗೊತ್ತಿಲ್ಲ. ಗೊತ್ತಿಲ್ಲದ ವಿಷಯದಲ್ಲಿ ಪ್ರಶ್ನೆ ಕೇಳಿದರೆ ಜಿಪುಣರು ಅನ್ನಿಸಿಕೊಳ್ಳುತ್ತೇವೇನೋ ಅನ್ನುವ ಸಂಕೋಚ ಬೇರೆ.

ನಮ್ಮ ಮನೆಯ ಒಂದು ಬಿಲ್‌ನ ಲೆಕ್ಕವನ್ನು ಇಲ್ಲಿ ಪೂರ್ತಿ ಬಿಚ್ಚಿಡುತ್ತೇನೆ. ಜೊತೆಗೆ, ಆ ಸಮಯದಲ್ಲಿ ಓದಿ ತಿಳಿದುಕೊಂಡ ಕಾನೂನಿನ ನಾಲ್ಕು ಮಾತನ್ನೂ ಹೇಳುತ್ತೇನೆ.

57,900 ಹೋಗಿ 94,860

ಅಪ್ಪ ಅಮ್ಮ ಇರುವುದು ಶಿವಮೊಗ್ಗದಲ್ಲಿ, ನಾನಿರುವುದು ಬೆಂಗಳೂರಲ್ಲಿ. ಅಲ್ಲಿನ ಮಳೆಗಾಲ ಗೊತ್ತಲ್ಲ, ಜೂನ್ ಬಂತೆಂದರೆ ತಾರಸಿ ಸೋರುವ ಮನೆಗಳಲ್ಲಿ ಬಕೆಟ್ಟುಗಳ ಮೆರವಣಿಗೆ. ನಮ್ಮ ಮನೆಯ ಹಾಲ್‌ನ ಮೂಲೆಯಲ್ಲೂ ಎರಡು ವರ್ಷದಿಂದ ತೇವ ಇಳಿಯುತ್ತಿತ್ತು. ಕಳೆದ ಬೇಸಿಗೆಯಲ್ಲಿ ವಾಟರ್‌ಪ್ರೂಫಿಂಗ್ ಮಾಡಿಸೋಣ ಅಂತ ತೀರ್ಮಾನವಾಯಿತು. ದುಡ್ಡು ನಾನು ಕೊಡುವುದು, ನಿಂತು ಮಾಡಿಸುವುದು ಅಪ್ಪ.

ಪರಿಚಯದವರೊಬ್ಬರು ಹೇಳಿದ ಕಂಟ್ರಾಕ್ಟರ್ ಬಂದು ನೋಡಿ ಹೋದರು. ನಾನು ಕೇಳಿದ್ದಕ್ಕೆ ವಾಟ್ಸ್ಆ್ಯಪ್‌ನಲ್ಲಿ ಎಸ್ಟಿಮೇಟ್ ಕಳಿಸಿದರು. ತಾರಸಿ 980 ಚದರಡಿ, ಚದರಡಿಗೆ 55 ರೂಪಾಯಿ, ಮೆಟೀರಿಯಲ್ ಲೇಬರ್ ಎರಡೂ ಸೇರಿ. ಬಿರುಕು ತುಂಬುವುದಕ್ಕೆ ಬೇರೆ 4,000. ಒಟ್ಟು 57,900. ನಾನು "ಓಕೆ ಅಣ್ಣಾ" ಅಂತ ಉತ್ತರಿಸಿ 25,000 ಅಡ್ವಾನ್ಸ್ ಹಾಕಿದೆ.

ಕೆಲಸ ನಡೆಯಿತು. ನಡುವೆ ಎರಡು ದಿನ ಅಕಾಲ ಮಳೆ ಬಂದು ನಿಂತಿತ್ತು ಅನ್ನುವುದು ಬಿಟ್ಟರೆ ಬೇರೆ ಗೊಂದಲ ಇರಲಿಲ್ಲ. ಒಂದು ಬುಧವಾರ ಸಂಜೆ ಅಪ್ಪ ಬಿಲ್‌ನ ಫೋಟೊ ಕಳಿಸಿದರು. ಬಿಲ್ ಹೀಗಿತ್ತು:

ತಾರಸಿ 1,232 ಚದರಡಿ, 55ರಂತೆ: 67,760
ಪ್ಯಾರಪೆಟ್ ಒಳಗಡೆ ಕೋಟಿಂಗ್: 9,600
ಎಕ್ಸ್‌ಟ್ರಾ ಮೆಟೀರಿಯಲ್: 8,500
ಎಕ್ಸ್‌ಟ್ರಾ ಲೇಬರ್: 5,000
ಬಿರುಕು ತುಂಬಿದ್ದು: 4,000
ಒಟ್ಟು: 94,860

ಎಸ್ಟಿಮೇಟ್‌ಗಿಂತ 36,960 ರೂಪಾಯಿ ಹೆಚ್ಚು. ಫೋನ್ ಮಾಡಿದರೆ ಅಪ್ಪನದು ಒಂದೇ ಮಾತು: "ಕೊಟ್ಟು ಕಳಿಸಿಬಿಡು ಪುಟ್ಟಿ. ನಲವತ್ತು ವರ್ಷ ಈ ಊರಲ್ಲಿ ಮೇಷ್ಟ್ರಾಗಿದ್ದೀನಿ, ಯಾರ ದುಡ್ಡೂ ಇಟ್ಕೊಂಡೋನಲ್ಲ." ಅಮ್ಮ ಫೋನ್ ತೆಗೆದುಕೊಂಡು ದನಿ ತಗ್ಗಿಸಿ ಹೇಳಿದರು. ಕಂಟ್ರಾಕ್ಟರ್ ಇಬ್ಬರು ಹುಡುಗರ ಜೊತೆ ಬಂದಿದ್ದರಂತೆ. ನಾಳೆಯೊಳಗೆ ಪೂರ್ತಿ ಹಣ ಬರದಿದ್ದರೆ ಐದು ವರ್ಷದ ಗ್ಯಾರಂಟಿ ಇಲ್ಲ ಅಂದರಂತೆ. "ನೀನು ಅಲ್ಲಿಂದ ಫೋನಲ್ಲಿ ಜಗಳ ಆಡ್ತೀಯ. ಇಲ್ಲಿ ಇರೋರು ನಾವಿಬ್ರು."

ಆ ಮಾತು ಮೊತ್ತಕ್ಕಿಂತ ಹೆಚ್ಚು ಕುಟುಕಿತು. ಊರಲ್ಲಿ ವಯಸ್ಸಾದ ಅಪ್ಪ ಅಮ್ಮನನ್ನು ಬಿಟ್ಟು ನಗರದಲ್ಲಿ ಕೂತು ಯುಪಿಐ ಮೂಲಕ ಮನೆ ನಡೆಸುವ ನಮ್ಮಂಥವರಿಗೆಲ್ಲ ಇದು ಗೊತ್ತು. ಬಿಲ್ ತಕರಾರು ಅನ್ನುವುದು ಬರೀ ದುಡ್ಡಿನ ವಿಷಯ ಅಲ್ಲ. ಅಪ್ಪನ ಮರ್ಯಾದೆ, ಅಮ್ಮನ ಭಯ ಎರಡೂ ಆ ಚೀಟಿಯಲ್ಲಿ ಸೇರಿಕೊಂಡಿರುತ್ತವೆ.

ಕಂಟ್ರಾಕ್ಟರ್‌ಗೆ ಫೋನ್ ಮಾಡಿ ಎರಡೇ ಮಾತು ಹೇಳಿದೆ. "ಅಣ್ಣಾ, ದುಡ್ಡು ಕೊಡೋಳು ನಾನು, ಶನಿವಾರ ಊರಿಗೆ ಬರ್ತೀನಿ. ಅಲ್ಲಿವರೆಗೆ ಅಪ್ಪ ಅಮ್ಮನ ಹತ್ರ ಕೇಳಬೇಡಿ, ಏನಿದ್ದರೂ ನನಗೇ ಫೋನ್ ಮಾಡಿ." ಅದನ್ನೇ ಮೆಸೇಜ್ ಕೂಡ ಮಾಡಿದೆ. ಅವರೂ "ಆಯ್ತು ಮೇಡಂ" ಅಂದರು.

ಮೂರು ಭಾಗ

ಬೆಂಗಳೂರಿಂದ ಹೋಗುವ ರೈಲಿನಲ್ಲಿ ಕೂತು ಬಿಲ್ಲನ್ನು ಮೂರು ಭಾಗ ಮಾಡಿದೆ. ಮೊದಲೇ ಒಪ್ಪಿದ್ದು. ಆಮೇಲೆ ನಾವೇ ಹೇಳಿ ಮಾಡಿಸಿದ್ದು. ನಾವು ಹೇಳದೇ ಸೇರಿಕೊಂಡಿದ್ದು.

ಯಾವ ಮನೆ ಕೆಲಸದ ಬಿಲ್ ಆದರೂ ಈ ಮೂರರಲ್ಲಿ ಕೂರುತ್ತದೆ. ಒಟ್ಟು ಮೊತ್ತವನ್ನು ನೋಡಿ "ಜಾಸ್ತಿ ಆಯ್ತು" ಅಂದರೆ ಅದು ಚೌಕಾಸಿ. ಸಾಲು ಸಾಲಾಗಿ "ಇದು ಯಾವ ಭಾಗಕ್ಕೆ ಸೇರಿದ್ದು?" ಅಂತ ಕೇಳಿದರೆ ಅದು ಲೆಕ್ಕ. ಚೌಕಾಸಿಯಲ್ಲಿ ಗಟ್ಟಿ ದನಿಯವರು ಗೆಲ್ಲುತ್ತಾರೆ. ಲೆಕ್ಕದಲ್ಲಿ ಹಾಗಾಗಲ್ಲ.

ಎರಡನೇ ಭಾಗದ ಬಗ್ಗೆ ಅಪ್ಪನನ್ನು ಕೇಳಿದೆ. ಹೌದು, ಕೆಲಸದ ಮೂರನೇ ದಿನ ಅವರೇ "ಹಾಗೇ ಪ್ಯಾರಪೆಟ್ ಗೋಡೆಗೂ ಎರಡಡಿ ಎತ್ತರಕ್ಕೆ ಹೊಡೆದುಬಿಡಪ್ಪಾ" ಅಂದಿದ್ದರು. ರೇಟು ಮಾತಾಡಿರಲಿಲ್ಲ. ಹೀಗೆ ಮಧ್ಯದಲ್ಲಿ ಸೇರುವ ಕೆಲಸ ಎಲ್ಲ ಮನೆಯಲ್ಲೂ ಇರುತ್ತದೆ, ಅದರಲ್ಲಿ ಅಸಹಜ ಏನೂ ಇಲ್ಲ. ಆದರೆ ಹೇಳಿ ಮಾಡಿಸಿದ ಮೇಲೆ ಅದಕ್ಕೆ ನ್ಯಾಯವಾದ ದುಡ್ಡು ಕೊಡಲೇಬೇಕು.

ಶನಿವಾರ ಮಧ್ಯಾಹ್ನ ಟೇಪ್ ಹಿಡಿದು ಮೇಲೆ ಹತ್ತಿದೆವು. ಒಂದು ತುದಿ ಅಪ್ಪ, ಇನ್ನೊಂದು ತುದಿ ನಾನು. ತಾರಸಿ 35 ಅಡಿ ಉದ್ದ, 28 ಅಡಿ ಅಗಲ. 980 ಚದರಡಿ, ಎಸ್ಟಿಮೇಟ್‌ನಲ್ಲಿ ಇದ್ದಷ್ಟೇ. ಹಾಗಾದರೆ 1,232 ಎಲ್ಲಿಂದ ಬಂತು? ಸುತ್ತಳತೆ 126 ಅಡಿ. ಪ್ಯಾರಪೆಟ್‌ಗೆ ಎರಡಡಿ ಎತ್ತರ ಅಂದರೆ 252 ಚದರಡಿ. 980ಕ್ಕೆ 252 ಕೂಡಿಸಿದರೆ ಸರಿಯಾಗಿ 1,232! ಅಂದರೆ ಪ್ಯಾರಪೆಟ್ ಕೆಲಸ ಮೊದಲ ಸಾಲಿನಲ್ಲೇ ಸೇರಿತ್ತು. ಎರಡನೇ ಸಾಲಿನ 9,600 ಅದೇ ಕೆಲಸಕ್ಕೆ ಇನ್ನೊಂದು ಸಲ.

ಅದುವರೆಗೆ "ಹೋಗ್ಲಿ ಬಿಡು" ಅನ್ನುತ್ತಿದ್ದ ಅಪ್ಪ ಟೇಪ್ ಸುತ್ತುತ್ತಾ ಗಣಿತದ ಮೇಷ್ಟ್ರ ಗತ್ತಿನಲ್ಲಿ ಅಂದರು: "ಇದು ಕೇಳಬೇಕಾದ್ದೇ."

ಕಳಿಸಿದ ಮೆಸೇಜ್

ಆ ಸಂಜೆ ಕಂಟ್ರಾಕ್ಟರ್‌ಗೆ ಕಳಿಸಿದ ಮೆಸೇಜನ್ನು ಹಾಗೇ ಕೊಡುತ್ತೇನೆ. ನಿಮಗೆ ಬೇಕಾದರೆ ಅಂಕಿ ಬದಲಾಯಿಸಿ ಬಳಸಿಕೊಳ್ಳಿ.

"ಅಣ್ಣಾ, ನಮಸ್ಕಾರ. ಬಿಲ್ ನೋಡಿದೆ, ತಾರಸಿ ಅಳತೆನೂ ಮಾಡಿದ್ವಿ. ನಿಮ್ಮ ಎಸ್ಟಿಮೇಟ್ 57,900. ಅಪ್ಪ ಆಮೇಲೆ ಹೇಳಿದ ಪ್ಯಾರಪೆಟ್ 252 ಚದರಡಿಗೆ ಅದೇ ರೇಟಲ್ಲಿ 13,860. ಒಟ್ಟು 71,760. ಅಡ್ವಾನ್ಸ್ 25,000 ಕಳೆದು 46,760 ಈಗಲೇ ಹಾಕ್ತಿದ್ದೀನಿ. ಉಳಿದ 23,100ರಲ್ಲಿ ಮೂರು ಐಟಂ ಇದೆ: ಪ್ಯಾರಪೆಟ್ 9,600, ಎಕ್ಸ್‌ಟ್ರಾ ಮೆಟೀರಿಯಲ್ 8,500, ಎಕ್ಸ್‌ಟ್ರಾ ಲೇಬರ್ 5,000. ಇವು ಯಾವುದಕ್ಕೆ ಅಂತ ಗೊತ್ತಾಗಿಲ್ಲ. ಅಂಗಡಿ ಬಿಲ್ ಇದ್ದರೆ ತನ್ನಿ. ಈಗ ಹಾಕ್ತಿರೋದು ಒಪ್ಪಿದ ಕೆಲಸದ ಹಣ, ಉಳಿದಿದ್ದನ್ನ ಒಪ್ಪಿದ್ದೀನಿ ಅಂತ ಅಲ್ಲ. ನಾಳೆ ಬೆಳಿಗ್ಗೆ ಮನೇಲಿರ್ತೀನಿ, ಬನ್ನಿ, ಕೂತು ಮಾತಾಡೋಣ."

ದುಡ್ಡು ಹಾಕಿದ್ದರಿಂದ ಏನಾಯಿತು ಅಂದರೆ, ಮಾರನೆಯ ದಿನ ಬಂದ ಮನುಷ್ಯ ಜಗಳಕ್ಕೆ ಬಂದವರ ಹಾಗಿರಲಿಲ್ಲ. ಆಳುಗಳ ಕೂಲಿ ಹಿಂದಿನ ರಾತ್ರಿಯೇ ಬಟವಾಡೆ ಮಾಡಿ ಬಂದಿದ್ದರು. ಜಗಲಿಯಲ್ಲಿ ಕೂತು ಒಂದೊಂದೇ ಸಾಲು ಮಾತಾಡಿದೆವು.

9,600ರ ಸಾಲನ್ನು ಟೇಪಿನ ಲೆಕ್ಕ ನೋಡಿದ ಮೇಲೆ ಅವರೇ ಹೊಡೆದುಹಾಕಿದರು. "ಹುಡುಗ ಬಿಲ್ ಬರೆದಿದ್ದು ಮೇಡಂ" ಅಂದರು. ಇರಬಹುದು, ನಾನು ಕೆದಕಲಿಲ್ಲ.

ಎಕ್ಸ್‌ಟ್ರಾ ಮೆಟೀರಿಯಲ್ ವಿಷಯಕ್ಕೆ ಬಂದಾಗ ಅವರು ಫೋನಿನಲ್ಲಿ ಒಂದು ಫೋಟೊ ತೋರಿಸಿದರು. ಹಳೇ ಕೋಟಿಂಗ್ ಕೆರೆದಾಗ ಮಳೆನೀರಿನ ಪೈಪಿನ ಬಾಯಿಯ ಸುತ್ತ ಒಂದು ದೊಡ್ಡ ಬಿರುಕು ಕಂಡಿತ್ತು. ಹಾಲ್‌ನ ಮೂಲೆ ತೇವಕ್ಕೆ ಅದೇ ಮೂಲ. ಅದಕ್ಕೆ ಫೈಬರ್ ಮೆಶ್, ಕೆಮಿಕಲ್ ತಂದಿದ್ದ ಅಂಗಡಿ ಬಿಲ್ 3,200 ರೂಪಾಯಿಯದು. ಕೆರೆಯುವ ಮುಂಚೆ ಅದು ಯಾರಿಗೂ ಕಾಣುವಂಥದ್ದಲ್ಲ. ಅಷ್ಟನ್ನು ಒಪ್ಪಿದೆ. ಉಳಿದ 5,300ಕ್ಕೆ ಚೀಟಿ ಇರಲಿಲ್ಲ, ಚದರಡಿ ರೇಟಿನಲ್ಲೇ ಮೆಟೀರಿಯಲ್ ಸೇರಿತ್ತು. ಬಿಟ್ಟರು.

ಎಕ್ಸ್‌ಟ್ರಾ ಲೇಬರ್ ಅಂದರೆ ಮಳೆಯ ಎರಡು ದಿನ. "ಆಳುಗಳು ಬಂದು ಕೂತು ಹೋದ್ರು ಮೇಷ್ಟ್ರೇ. ಮಳೆ ಬಂತು ಅಂತ ಅವರಿಗೆ ಕೂಲಿ ಇಲ್ಲ ಅನ್ನೋಕಾಗುತ್ತಾ? ಕೈಯಿಂದ ಕೊಟ್ಟಿದ್ದೀನಿ." ಅವರು ಹೇಳಿದ್ದರಲ್ಲಿ ಸತ್ಯ ಇತ್ತು. ಮಳೆ ಬಂದರೆ ನಷ್ಟ ಯಾರದು ಅಂತ ಎಸ್ಟಿಮೇಟ್‌ನಲ್ಲಿ ಇರಲಿಲ್ಲ. ನಾವು ಮಳೆ ತರಿಸಲಿಲ್ಲ, ಅವರೂ ತರಿಸಲಿಲ್ಲ. ಅರ್ಧ ಅರ್ಧ ಅಂತಾಯಿತು, 2,500.

ಕೊನೆಗೆ ಒಟ್ಟು 77,460ಕ್ಕೆ ಲೆಕ್ಕ ಮುಗಿಯಿತು. ಉಳಿದ 5,700 ಅಲ್ಲೇ ಹಾಕಿದೆ. ಹೊಸ ಬಿಲ್ ಬರೆಸಿ, ಅದರ ಮೇಲೆಯೇ "ಐದು ವರ್ಷದೊಳಗೆ ಸೋರಿದರೆ ನಮ್ಮ ಖರ್ಚಿನಲ್ಲಿ ಸರಿಮಾಡಿಕೊಡುತ್ತೇವೆ" ಅಂತ ಬರೆಸಿ, ತಾರೀಖಿನೊಂದಿಗೆ ಸಹಿ ಹಾಕಿಸಿಕೊಂಡೆ. ಹೋಗುವಾಗ ಅವರು ಅಮ್ಮನಿಗೆ ಮಳೆಗಾಲಕ್ಕೆ ಮುಂಚೆ ಪೈಪಿನ ಬಾಯಿಯ ಎಲೆ ಕಸ ತೆಗೆಸಿ ಅಂತ ನೆನಪು ಮಾಡಿ ಹೋದರು.

ಕಾನೂನು ಏನು ಕೊಡುತ್ತದೆ

ಮಾತಿನಲ್ಲಿ ಮುಗಿಯದಿದ್ದರೆ ಏನು ಮಾಡಬಹುದಿತ್ತು? ರೈಲಿನಲ್ಲಿ ಕೂತು ಓದಿದ್ದು ಅದನ್ನೇ.

ಈಗ ಜಾರಿಯಲ್ಲಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. 1986ರ ಹಳೆಯ ಕಾಯ್ದೆಯ ಜಾಗಕ್ಕೆ ಇದು ಬಂದದ್ದು 2020ರ ಜುಲೈ 20ರಿಂದ. ಅಂಗಡಿಯಲ್ಲಿ ಕೊಂಡ ವಸ್ತುವಿಗೆ ಮಾತ್ರವಲ್ಲ, ದುಡ್ಡು ಕೊಟ್ಟು ಪಡೆದ ಸೇವೆಗೂ ಇದು ಅನ್ವಯಿಸುತ್ತದೆ. ಮನೆ ಕಟ್ಟಿಕೊಡುವುದು ಸೇವೆಯೇ ಅಂತ ಸುಪ್ರೀಂ ಕೋರ್ಟ್ 1993ರಲ್ಲೇ, ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಹೇಳಿದೆ.

ಬಿಲ್ ತಕರಾರಿಗೆ ಮುಖ್ಯವಾದ ಮಾತು ಈ ಕಾಯ್ದೆಯ ವ್ಯಾಖ್ಯೆಯಲ್ಲೇ ಇದೆ. ಎರಡೂ ಕಡೆಯವರು ಒಪ್ಪಿಕೊಂಡ ಬೆಲೆಗಿಂತ ಹೆಚ್ಚು ವಸೂಲಿ ಮಾಡಿದರೆ ಅದು ದೂರು ಕೊಡಬಹುದಾದ ಕಾರಣ. ಹಾಗಾಗಿ ವಾಟ್ಸ್ಆ್ಯಪ್‌ನ ಆ ಎಸ್ಟಿಮೇಟ್, ಅದಕ್ಕೆ ಹಾಕಿದ "ಓಕೆ", ಅಡ್ವಾನ್ಸ್ ಕಳಿಸಿದ ಯುಪಿಐ ದಾಖಲೆ, ಮೂರೂ ಸೇರಿ "ಒಪ್ಪಿಕೊಂಡ ಬೆಲೆ" ಯಾವುದು ಅಂತ ತೋರಿಸುತ್ತವೆ. ಸ್ಕ್ರೀನ್‌ಶಾಟ್ ಇಟ್ಟುಕೊಂಡರೆ ಸಾಲದು, ಮೂಲ ಚಾಟ್ ಅಳಿಸಬೇಡಿ. ಫೋನ್ ಬದಲಾಯಿಸುವಾಗ ಬ್ಯಾಕಪ್ ಮಾಡಿಕೊಳ್ಳಿ.

ಇನ್ನೊಂದು ಮಾತು: ಮಾಡಿದ ಸೇವೆಗೆ ಬಿಲ್ ಅಥವಾ ರಸೀತಿ ಕೊಡದಿರುವುದನ್ನು ಇದೇ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಗೆ ಸೇರಿಸಿದೆ. "ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಉಳಿಯುತ್ತೆ" ಅನ್ನುವ ಆಸೆಯ ಮಾತು ಬಂದಾಗ ಇದನ್ನು ನೆನಪಿಡಿ. ಉಳಿಯುವುದು ತೆರಿಗೆಯೊಂದೇ ಅಲ್ಲ, ಕೆಲಸ ಕೆಟ್ಟಾಗ ತೋರಿಸೋಕೆ ನಿಮ್ಮ ಕೈಯಲ್ಲಿ ಏನೂ ಉಳಿಯದ ಹಾಗೂ ಆಗುತ್ತದೆ.

ಜಿಎಸ್‌ಟಿ ಅಂತ ಸಾಲು ಹಾಕಿದ್ದರೆ ಬಿಲ್ ಮೇಲೆ 15 ಅಕ್ಷರ ಅಂಕಿಗಳ ನೋಂದಣಿ ಸಂಖ್ಯೆ ಇರಬೇಕು. ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಹೆಸರಲ್ಲಿದೆ, ಚಾಲ್ತಿಯಲ್ಲಿದೆಯೇ ಅನ್ನುವುದು ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ನೋಂದಣಿ ಇಲ್ಲದವರು ಜಿಎಸ್‌ಟಿ ಹೆಸರಲ್ಲಿ ಹಣ ವಸೂಲಿ ಮಾಡುವಂತಿಲ್ಲ. ಹಾಗಂತ ನೋಂದಣಿ ಇಲ್ಲದವರೆಲ್ಲ ಕಳ್ಳರಲ್ಲ. ನಮ್ಮ ರಾಜ್ಯದಲ್ಲಿ ಸೇವೆ ಕೊಡುವವರ ವರ್ಷದ ವಹಿವಾಟು 20 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ.

ಕಾನೂನು ಏನು ಕೊಡುವುದಿಲ್ಲ

ಪ್ಲಂಬರ್ ಒಂದು ನಲ್ಲಿ ಹಾಕಲು ಎಷ್ಟು ತಗೋಬೇಕು ಅಂತ ಯಾವ ಕಾಯ್ದೆಯೂ ನಿಗದಿ ಮಾಡಿಲ್ಲ. ಮೊದಲೇ ರೇಟು ಕೇಳಿ ಒಪ್ಪಿ, ಆಮೇಲೆ "ಪಕ್ಕದ ಮನೆಯವರಿಗೆ ಕಮ್ಮಿ ಮಾಡಿದ್ರಂತೆ" ಅಂದರೆ ಅದು ದೂರಾಗುವುದಿಲ್ಲ. ದುಬಾರಿ ಬೇರೆ, ಮೋಸ ಬೇರೆ.

ದಿನಗೂಲಿಗೂ ಗುತ್ತಿಗೆಗೂ ವ್ಯತ್ಯಾಸವಿದೆ. ಇಂತಿಷ್ಟು ಕೆಲಸ, ಇಂತಿಷ್ಟು ದುಡ್ಡು ಅಂತ ಗುತ್ತಿಗೆ ಕೊಟ್ಟರೆ ಅದು ಸೇವೆ. ಒಬ್ಬರನ್ನು ಕೂಲಿಗೆ ಕರೆದು, ಪಕ್ಕದಲ್ಲಿ ನಿಂತು ಹೀಗೆ ಮಾಡು ಹಾಗೆ ಮಾಡು ಅಂತ ನೀವೇ ಹೇಳಿ ಮಾಡಿಸಿದರೆ, ಅದು ಧಣಿ ಮತ್ತು ಆಳಿನ ಸಂಬಂಧ ಅನ್ನಿಸಿಕೊಂಡು ಗ್ರಾಹಕ ಕಾಯ್ದೆಯಿಂದ ಹೊರಗೆ ಉಳಿಯಬಹುದು.

ಅಳತೆಯ ಪದ್ಧತಿಯಲ್ಲೂ ಎಚ್ಚರ ಬೇಕು. ಪೇಂಟರ್ ಬಾಗಿಲು ಕಿಟಕಿ ಸೇರಿಸಿ ಗೋಡೆ ಅಳೆದ ಅಂತ ತಕ್ಷಣ ರೇಗಬೇಡಿ. ಕಟ್ಟಡ ಕೆಲಸದ ಅಳತೆಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 1200 ಅನ್ನುವ ಮಾನದಂಡವೇ ಇದೆ. ಅದರ ಪ್ರಕಾರವೂ ಗೋಡೆಯ ಗಿಲಾವಿನಲ್ಲಿ ಅರ್ಧ ಚದರ ಮೀಟರ್‌ಗಿಂತ ದೊಡ್ಡದಲ್ಲದ ಕಿಂಡಿಗಳನ್ನು ಕಳೆಯುವುದಿಲ್ಲ. ಅಂಚು ಮೂಲೆಗಳಲ್ಲಿ ಕೆಲಸ ಜಾಸ್ತಿ. ದೊಡ್ಡ ಬಾಗಿಲು ಕಿಟಕಿಗಳನ್ನು ಕಳೆಯುತ್ತಾರೋ ಇಲ್ಲವೋ ಅನ್ನುವುದನ್ನು ಕೆಲಸಕ್ಕೆ ಮುಂಚೆಯೇ ಕೇಳಿಬಿಡುವುದು ಒಳ್ಳೆಯದು.

ಅವರ ಹಕ್ಕೂ ಇದೆ

ಗ್ರಾಹಕರ ಹಕ್ಕು ಅಂದ ಕೂಡಲೇ ಪೂರ್ತಿ ದುಡ್ಡು ತಡೆಹಿಡಿಯುವುದು ನಮ್ಮಲ್ಲಿ ಹಲವರ ಅಭ್ಯಾಸ. ಇದು ನ್ಯಾಯವೂ ಅಲ್ಲ, ಕಾನೂನಿನ ಪ್ರಕಾರ ಕ್ಷೇಮವೂ ಅಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 70ನೇ ಕಲಂ ಹೇಳುವುದು ಇಷ್ಟು: ಒಬ್ಬರು ಪುಕ್ಕಟೆ ಅಂತಲ್ಲದೆ ಮಾಡಿಕೊಟ್ಟ ಕೆಲಸದ ಲಾಭ ನೀವು ಪಡೆದಿದ್ದರೆ, ಅದಕ್ಕೆ ತಕ್ಕ ಪ್ರತಿಫಲ ಕೊಡಬೇಕು. ರೇಟು ಮಾತಾಡಿರಲಿಲ್ಲ ಅನ್ನುವುದು ಹಣ ಕೊಡದಿರಲು ನೆಪವಲ್ಲ. ಬಾಕಿ ವಸೂಲಿಗೆ ಅವರು ಸಿವಿಲ್ ಕೋರ್ಟಿಗೆ ಹೋಗಬಹುದು, ಅದಕ್ಕೆ ಸಾಮಾನ್ಯವಾಗಿ ಮೂರು ವರ್ಷ ಸಮಯವಿದೆ.

ಅದೇ ಕಾಯ್ದೆಯ 170ನೇ ಕಲಂ ಇನ್ನೂ ಕುತೂಹಲದ್ದು. ರಿಪೇರಿಗೆ ಅಂತ ನಿಮ್ಮ ಸೋಫಾವನ್ನೋ ಮಿಕ್ಸಿಯನ್ನೋ ತಮ್ಮ ಅಂಗಡಿಗೆ ಒಯ್ದು ಕೆಲಸ ಮಾಡಿದವರು, ಆ ಕೆಲಸದ ಹಣ ಬರುವ ತನಕ ವಸ್ತುವನ್ನು ಇಟ್ಟುಕೊಳ್ಳಬಹುದು, ಬೇರೆ ರೀತಿ ಒಪ್ಪಂದ ಆಗಿಲ್ಲದಿದ್ದರೆ. ಹಾಗಾಗಿ ವಸ್ತು ಮನೆಯಿಂದ ಹೊರಗೆ ಹೋಗುವ ಮುಂಚೆ ರೇಟು ಬರೆಸಿಕೊಳ್ಳಿ.

ಅಂದಹಾಗೆ, ಕಂಟ್ರಾಕ್ಟರ್ ಹಿಂದೆ ಇರುವ ಆಳುಗಳಿಗೆ ಈ ಜಗಳದ ಗಂಧವೂ ಇರುವುದಿಲ್ಲ. ನಾವು ತಡೆಹಿಡಿದ ದುಡ್ಡಿನ ಬಿಸಿ ಮೊದಲು ತಟ್ಟುವುದು ವಾರದ ಬಟವಾಡೆಗೆ ಕಾದಿರುವ ಅವರಿಗೆ.

ಮಾತು ಮುಗಿಯದಿದ್ದರೆ

ಮೊದಲ ಮೆಟ್ಟಿಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಸಂಖ್ಯೆ 1915. ಕನ್ನಡದಲ್ಲೂ ಮಾತಾಡಬಹುದು. ಅವರು ತೀರ್ಪು ಕೊಡುವುದಿಲ್ಲ, ನಡುವೆ ನಿಂತು ಮಾತಾಡಿಸುತ್ತಾರೆ, ದಾರಿ ಹೇಳುತ್ತಾರೆ.

ಆ್ಯಪ್ ಮೂಲಕ ಕರೆಸಿದ ಕೆಲಸವಾದರೆ ಅದಕ್ಕೆ 2020ರ ಇ-ಕಾಮರ್ಸ್ ನಿಯಮಗಳಿವೆ. ಕಂಪನಿಗೆ ಕುಂದುಕೊರತೆ ಅಧಿಕಾರಿ ಇರಲೇಬೇಕು. ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಚಾಟ್‌ಬಾಟ್ ಜೊತೆ ಗುದ್ದಾಡುವ ಬದಲು ಆ ಅಧಿಕಾರಿಗೇ ಮೇಲ್ ಹಾಕಿ. ಆದರೆ ಕೆಲಸದವರು "ಆ್ಯಪಲ್ಲಿ ಕ್ಯಾನ್ಸಲ್ ಮಾಡಿ, ನನಗೇ ಕೊಡಿ" ಅಂದದ್ದಕ್ಕೆ ಒಪ್ಪಿದ್ದರೆ ಈ ದಾರಿ ಮುಚ್ಚಿಹೋಗುತ್ತದೆ.

ಕೊನೆಯ ಮೆಟ್ಟಿಲು ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಇಲ್ಲಿಗೇ ಹೋಗಬೇಕು. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯವಲ್ಲ, ನೀವೇ ವಾದಿಸಬಹುದು. ಆನ್‌ಲೈನ್‌ನಲ್ಲಿ ದೂರು ಸಲ್ಲಿಸಲು ಇ-ಜಾಗೃತಿ ಪೋರ್ಟಲ್ ಇದೆ. ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು.

ನಮ್ಮಂಥವರಿಗೆ ಅನುಕೂಲದ ಒಂದು ಬದಲಾವಣೆ ಹೊಸ ಕಾಯ್ದೆಯಲ್ಲಿದೆ. ದೂರುದಾರರು ವಾಸಿಸುವ ಅಥವಾ ಕೆಲಸ ಮಾಡುವ ಊರಲ್ಲೂ ದೂರು ಕೊಡಬಹುದು. ಕೆಲಸ ನಡೆದದ್ದು ಶಿವಮೊಗ್ಗದಲ್ಲಾದರೂ, ಕೆಲಸ ಒಪ್ಪಿಸಿ ದುಡ್ಡು ಕೊಟ್ಟ ನಾನು ಬೆಂಗಳೂರಿನಲ್ಲೇ ದೂರು ದಾಖಲಿಸಬಹುದಿತ್ತು. ಅಮ್ಮನನ್ನು ಯಾವ ಕಚೇರಿಗೂ ಅಲೆದಾಡಿಸಬೇಕಿರಲಿಲ್ಲ.

ಎದುರಿನವರಿಗೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನು 15 ದಿನ. ಪರೀಕ್ಷೆ ಬೇಡದ ದೂರನ್ನು ಅವರಿಗೆ ನೋಟಿಸ್ ತಲುಪಿದ ಮೂರು ತಿಂಗಳೊಳಗೆ ಮುಗಿಸಲು ಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಇನ್ನೂ ಎಳೆಯುವುದುಂಟು. ಕೆಲಸವೇ ಕೆಟ್ಟಿದೆ ಅನ್ನುವ ದೂರಾದರೆ ಫೋಟೊ, ವಿಡಿಯೊ ಜೊತೆಗೆ ಒಬ್ಬ ಎಂಜಿನಿಯರ್ ಬರೆದುಕೊಟ್ಟ ವರದಿ ಇದ್ದರೆ ಬಲ ಬರುತ್ತದೆ. ಹತ್ತು ಸಾವಿರದ ತಕರಾರಿಗೆ ಇಷ್ಟೆಲ್ಲ ಬೇಕಾ ಅನ್ನುವುದು ನಿಮ್ಮ ನಿರ್ಧಾರ. ಆದರೆ ಆ ದಾರಿ ಇದೆ ಅಂತ ಗೊತ್ತಿದ್ದರೆ ಮಾತಾಡುವಾಗ ದನಿ ಏರಿಸುವ ಅಗತ್ಯ ಬೀಳುವುದಿಲ್ಲ.

ಯಾರಾದರೂ ಮನೆ ಮುಂದೆ ನಿಂತು ಬೆದರಿಸಿದರೆ ಅದು ಬಿಲ್ ತಕರಾರು ಅಲ್ಲವೇ ಅಲ್ಲ, 112ಕ್ಕೆ ಕರೆ ಮಾಡುವ ವಿಷಯ. ಅಪ್ಪ ಅಮ್ಮನ ಫೋನಿನಲ್ಲಿ ಈ ಸಂಖ್ಯೆ, ಪಕ್ಕದ ಮನೆಯವರ ಸಂಖ್ಯೆ ಎರಡೂ ಇರಲಿ.

ಕೆಲಸಕ್ಕೆ ಕರೆಯುವಾಗ ಐದು ಸಾಲು

ಸ್ಟಾಂಪ್ ಪೇಪರ್ ಬೇಡ, ವಕೀಲರೂ ಬೇಡ. ಅಡ್ವಾನ್ಸ್ ಹಾಕುವ ಮುಂಚೆ ಒಂದೇ ಮೆಸೇಜಿನಲ್ಲಿ ಐದು ಸಾಲು ಬರೆದು "ಸರೀನಾ ಅಣ್ಣಾ?" ಅಂತ ಕೇಳಿ. ಅವರು "ಸರಿ" ಅಂದರೆ ಸಾಕು.

ಒಂದು, ಏನು ಕೆಲಸ, ಎಷ್ಟು ಅಳತೆ, ಅಳತೆಯಲ್ಲಿ ಏನು ಸೇರುತ್ತೆ, ಏನು ಸೇರಲ್ಲ.

ಎರಡು, ರೇಟು ಎಷ್ಟು, ಅದರಲ್ಲಿ ಮೆಟೀರಿಯಲ್, ಸಾಗಾಟ, ಕಸ ಸಾಗಿಸುವುದು, ಜಿಎಸ್‌ಟಿ ಸೇರಿದೆಯೇ. ಯಾವ ಕಂಪನಿಯ ಯಾವ ಮೆಟೀರಿಯಲ್.

ಮೂರು, ಕೆಲಸ ಜಾಸ್ತಿಯಾದರೆ ಮೊದಲು ಫೋಟೊ ಮತ್ತು ರೇಟು ಕಳಿಸಿ, ನನ್ನಿಂದ "ಸರಿ" ಬಂದ ಮೇಲೆ ಮಾಡುವುದು.

ನಾಲ್ಕು, ಮಳೆ ಬಂದೋ ಕರೆಂಟ್ ಹೋಗಿಯೋ ಕೆಲಸ ನಿಂತರೆ ಆ ದಿನದ ಕೂಲಿ ಯಾರದು.

ಐದು, ಯಾವ ಹಂತದಲ್ಲಿ ಎಷ್ಟು ದುಡ್ಡು, ಗ್ಯಾರಂಟಿ ಎಷ್ಟು ವರ್ಷ, ಅದು ಬಿಲ್ ಮೇಲೆ ಬರೆದು ಬರಬೇಕು.

ಮೂರನೇ ಸಾಲನ್ನು ಮನೆಯಲ್ಲಿ ನಿಂತು ಕೆಲಸ ಮಾಡಿಸುವವರಿಗೂ ಹೇಳಿಡಿ. ಅಪ್ಪನೋ ಅತ್ತೆಯೋ "ಅದನ್ನೂ ಮಾಡಿಬಿಡಪ್ಪಾ" ಅನ್ನಬಾರದು ಅಂತಲ್ಲ. ಅಂದ ಕೂಡಲೇ ನಿಮಗೊಂದು ಫೋನ್ ಮಾಡಿದರೆ ಆಯಿತು. ಅಂದೇ ನೀವು "ಇವತ್ತು ಪ್ಯಾರಪೆಟ್ ಸೇರಿತು, ಅದೇ ರೇಟು ಅಲ್ವಾ?" ಅಂತ ಒಂದು ಸಾಲು ಕಳಿಸಬಹುದು.

ಈ ಮೆಸೇಜ್ ಕಳಿಸಿದರೆ ಕೆಲಸದವರು ಬೇಜಾರು ಮಾಡಿಕೊಳ್ಳುತ್ತಾರೆ ಅನ್ನುವ ಅಳುಕು ಬೇಡ. ಎಷ್ಟೋ ಸಲ ದುಡ್ಡು ಮುಳುಗುವುದು ಅವರದ್ದೇ. "ಆಮೇಲೆ ನೋಡೋಣ" ಅಂದ ಮನೆ ಯಜಮಾನರ ಬಾಗಿಲಿಗೆ ತಿಂಗಳುಗಟ್ಟಲೆ ಅಲೆದವರಿಗೆ ಬರೆದಿಟ್ಟ ಲೆಕ್ಕದ ಬೆಲೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಐದು ಸಾಲು ಓದಿ "ಇದೆಲ್ಲ ಯಾಕೆ, ನಂಬಿಕೆ ಇಲ್ವಾ?" ಅನ್ನುವವರು ಸಿಕ್ಕರೆ, ಅಡ್ವಾನ್ಸ್ ಹಾಕುವ ಮುಂಚೆಯೇ ನಿಮಗೆ ಬೇಕಾದ ಉತ್ತರ ಸಿಕ್ಕಿತು ಅಂದುಕೊಳ್ಳಿ.

ಮತ್ತೆ ಬಿಲ್ ಬಂದ ದಿನ, ಒಪ್ಪಿದ ಭಾಗದ ದುಡ್ಡನ್ನು ಅದೇ ದಿನ ಕೊಟ್ಟುಬಿಡಿ. ಉಳಿದಿದ್ದರ ಬಗ್ಗೆ ಕೇಳುವ ಪ್ರಶ್ನೆಗೆ ಆಮೇಲೆ ತೂಕ ಬರುತ್ತದೆ.